ಸಾಂಕ್ರಾಮಿಕದ ಕಾಲದಲ್ಲಿ ಹೊಟ್ಟೆಯೊಳಗಿನ ರಕ್ತಸ್ರಾವ: ಸಾವಿನ ಪ್ರಮಾಣ ಏರುವುದು ಹೇಗೆ?

2020ರ ಮಾರ್ಚ್ ತಿಂಗಳಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆ ತಲುಪಲಾರದೆ ಪಟ್ಟ ಪಾಡನ್ನು ಕರಾವಳಿಯ ನಾವು ಮರೆತಿಲ್ಲ. ಅವರಲ್ಲಿ ಹಲವರು ತೀರಿಕೊಂಡರು, ಅದೂ ಕೊರೋನಾ ಅಲ್ಲದ ಕಾಯಿಲೆಗಳಿಂದ. ರಾಜ್ಯದ ಇನ್ನೊಂದು ತುದಿಯಾದ ಬೆಳಗಾವಿ ಜಿಲ್ಲೆಯಲ್ಲಿಯೂ ಇಂಥದೇ ಗಡಿ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಜನರಿಗೆ ಘಟಪ್ರಭೆಯ ಸಹಕಾರಿ ಆಸ್ಪತ್ರೆ ಹತ್ತಿರ. ದೊಡ್ಡ ಕಾಯಿಲೆಯಾದರೆ ಬೆಳಗಾವಿಗೆ, ಇಲ್ಲವೇ ಮಹಾರಾಷ್ಟ್ರದ ಮಿರಜ್, ಕೊಲ್ಹಾಪುರಕ್ಕೆ ಹೋಗುವುದು ರೂಢಿ. ಲಾಕ್‌ಡೌನ್‌ನಲ್ಲಿ ಬಸ್ಸು ನಿಂತಿತು. ನಿಪ್ಪಾಣಿ ಬಳಿಯ ಕೊಗನೊಳ್ಳಿ ತಪಾಸಣಾ ಠಾಣೆಯಲ್ಲಿ ವಾಹನಗಳೂ ನಿಂತವು.

ಹೀಗೆ ದಾರಿ ಮುಚ್ಚಿದಾಗ ಯಾವ ರೋಗಿಗೆ ಹೆಚ್ಚು ಅಪಾಯ? ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕಾದವರಿಗೆ. ಜಠರದ ಹುಣ್ಣು, ಅಂದರೆ ಅಲ್ಸರ್ ಒಡೆದು, ಅಥವಾ ಲಿವರ್ ಗಟ್ಟಿಯಾದವರಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳ ಒಡೆದು ರಕ್ತ ಸುರಿಯುವುದು ಇಂಥ ಕಾಯಿಲೆ. ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ ಆಗಬೇಕು. ಉಬ್ಬಿದ ರಕ್ತನಾಳವೆಂದು ಸಂಶಯವಿದ್ದರೆ 12 ಗಂಟೆಯೊಳಗೆ. ರಕ್ತವೂ ಸಿದ್ಧವಿರಬೇಕು. ಲಾಕ್‌ಡೌನ್‌ನಲ್ಲಿ ರಕ್ತದಾನ ಶಿಬಿರಗಳೇ ನಿಂತುಹೋಗಿದ್ದವು.

ತುರ್ತು ರಕ್ತಸ್ರಾವಕ್ಕೆ ಎಂಡೋಸ್ಕೋಪಿ ನಿಲ್ಲಿಸಬಾರದೆಂದು ವೈದ್ಯರ ಸಂಘಗಳು ಆಗಲೇ ಹೇಳಿದ್ದವು. ಮುಂದೂಡಿದ್ದು ತುರ್ತಲ್ಲದ್ದನ್ನು. ಆದರೆ ತೊಡಕು ಇದ್ದುದೂ ಅಲ್ಲಿಯೇ. ಉಬ್ಬಿದ ರಕ್ತನಾಳಗಳಿಗೆ ಕೆಲವು ವಾರಗಳಿಗೊಮ್ಮೆ ರಬ್ಬರ್ ಬ್ಯಾಂಡ್ ಹಾಕಿ, ಅವು ಪೂರ್ತಿ ಬತ್ತುವವರೆಗೆ ಚಿಕಿತ್ಸೆ ಮುಂದುವರಿಸಬೇಕು. ಕಾಗದದ ಮೇಲೆ ಇದು ತುರ್ತಲ್ಲ. ತಪ್ಪಿದರೆ ಮುಂದೊಂದು ರಾತ್ರಿ ರಕ್ತವಾಂತಿಯೇ ತುರ್ತಾಗಿ ಬರುತ್ತದೆ. ಕರ್ನಾಟಕದಲ್ಲಿ 2020ರ ಮೇ 4ರವರೆಗೆ ಮದ್ಯದಂಗಡಿ ಮುಚ್ಚಿತ್ತಲ್ಲ, ಕುಡಿತದ ಲಿವರ್ ರೋಗಿಗಳಿಗೆ ಒಳ್ಳೆಯದಾಗಿರಬೇಕು ಎಂದು ಕೆಲವರು ಕೇಳಬಹುದು. ಕುಡಿತ ನಿಂತದ್ದು ಒಳ್ಳೆಯದೇ. ಆದರೆ ವರ್ಷಗಟ್ಟಲೆ ಗಟ್ಟಿಯಾದ ಲಿವರ್ ನಲವತ್ತು ದಿನಗಳಲ್ಲಿ ಮೆತ್ತಗಾಗದು. ಅಮೆರಿಕದಲ್ಲಂತೂ ಕುಡಿತಕ್ಕೆ ಸಂಬಂಧಿಸಿದ ಸಾವುಗಳು 2019ಕ್ಕಿಂತ 2020ರಲ್ಲಿ ಸುಮಾರು ಶೇಕಡಾ 25 ಹೆಚ್ಚಾದವು.

ಹಲವು ದೇಶಗಳ ಆಸ್ಪತ್ರೆಗಳಲ್ಲಿ ಆಗ ಕಂಡದ್ದು ವಿಚಿತ್ರ: ರಕ್ತಸ್ರಾವದಿಂದ ದಾಖಲಾಗುವವರು ಕಡಿಮೆಯಾದರು, ಬಂದವರ ಸ್ಥಿತಿ ಹೆಚ್ಚು ಕೆಟ್ಟಿತ್ತು. ಇಲ್ಲಿ ಸಾವಿನ ಪ್ರಮಾಣವನ್ನು ಎಚ್ಚರದಿಂದ ಓದಬೇಕು. ಒಂದು ಲೆಕ್ಕ ಊಹಿಸಿಕೊಳ್ಳೋಣ. 100 ರೋಗಿಗಳು ಬಂದು 8 ಮಂದಿ ಸತ್ತರೆ ಪ್ರಮಾಣ ಶೇಕಡಾ 8. ಸೌಮ್ಯ ಲಕ್ಷಣದ 40 ಮಂದಿ ಕೊರೋನಾದ ಭಯದಿಂದ ಮನೆಯಲ್ಲೇ ಉಳಿದು 60 ಮಂದಿಯಷ್ಟೇ ಬಂದರೆ, ಅದೇ 8 ಸಾವು ಶೇಕಡಾ 13 ಆಗುತ್ತದೆ. ಹೆಚ್ಚುವರಿ ಒಬ್ಬರೂ ಸತ್ತಿಲ್ಲ! ಆದರೆ ಮನೆಯಲ್ಲಿದ್ದ ಆ 40ರಲ್ಲಿ ಮೂವರು ಸತ್ತರೆ ಆಸ್ಪತ್ರೆಯ ಲೆಕ್ಕ ಅವರನ್ನು ಕಾಣುವುದೇ ಇಲ್ಲ. ನಮ್ಮ ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ಬರೆದುಕೊಟ್ಟದ್ದು ಸುಮಾರು ಶೇಕಡಾ 22.5ಕ್ಕೆ ಮಾತ್ರ. ಮೂಡಲಗಿಯ ಹಳ್ಳಿಯೊಂದರಲ್ಲಿ ರಕ್ತ ಕಾರಿ ಮನೆಯಲ್ಲೇ ಸತ್ತವರ ಕಾರಣ ಹೀಗೆ ದಾಖಲೆಗೆ ಸೇರದೆ ಹೋಗುತ್ತದೆ.

ಕೊರೋನಾದ ಚಿಕಿತ್ಸೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತೀವ್ರ ಸೋಂಕಿಗೆ ಕೊಟ್ಟ ಸ್ಟೀರಾಯ್ಡ್ ಮತ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಅನೇಕ ಜೀವ ಉಳಿಸಿದವು. ಆದರೆ ಹಳೆಯ ಹುಣ್ಣಿದ್ದವರಿಗೆ ಇವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚು. ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ದಿನಗಟ್ಟಲೆ ನುಂಗುವ ನೋವಿನ ಮಾತ್ರೆಗಳದ್ದೂ ಇದೇ ಕಥೆ, ಸಾಂಕ್ರಾಮಿಕವಿರಲಿ ಬಿಡಲಿ.

ಲಕ್ಷಣಗಳನ್ನು ಮನೆಯವರೆಲ್ಲರೂ ತಿಳಿದಿರಬೇಕು. ರಕ್ತವಾಂತಿ ಅಥವಾ ಕಾಫಿಪುಡಿಯಂಥ ವಾಂತಿ, ಡಾಂಬರಿನಂತೆ ಕಪ್ಪಗೆ ಅಂಟುವ ದುರ್ವಾಸನೆಯ ಮಲ, ಎದ್ದು ನಿಂತರೆ ತಲೆ ಸುತ್ತುವುದು. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ, ಆದರೆ ಅದು ಸಾಮಾನ್ಯವಾಗಿ ಹಾಗೆ ಅಂಟುವುದಿಲ್ಲ. ಸಂಶಯವಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ರೋಗಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಖಾಲಿ ಪಟ್ಟಿಗಳನ್ನೂ ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.