ಕ್ಲಿಂಚ್ ಬೆಟ್ಟದ ಮೇಳ: ಬ್ಲೂಗ್ರಾಸ್ ಸಂಗೀತದಲ್ಲಿ ಅನುಕರಣವೂ ಸ್ವಂತಿಕೆಯೂ

೧

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವಭಾಗದಲ್ಲಿ ಹಬ್ಬಿರುವ ಅಪಲೇಚಿಯನ್ ಪರ್ವತಶ್ರೇಣಿಯ ಜನರ ಹಾಡುಗಾರಿಕೆಯನ್ನು ಆಧಾರವಾಗಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ರೂಪುಗೊಂಡ ಮೇಳಸಂಗೀತಕ್ಕೆ 'ಬ್ಲೂಗ್ರಾಸ್' ಎಂದು ಹೆಸರು. ಇದನ್ನು ಬಹು ಪ್ರಾಚೀನವಾದ ಜನಪದ ಸಂಗೀತವೆಂದು ತಿಳಿಯುವವರುಂಟು. ವಸ್ತುಸ್ಥಿತಿ ಹಾಗಲ್ಲ. ಹಾಡುಗಳಲ್ಲಿ ಹಲವು ಹಳೆಯವು, ನಿಜ. ಆದರೆ ಅವನ್ನು ಹಾಡುವ ಈ ಕ್ರಮವು ರೇಡಿಯೋ ಮತ್ತು ಧ್ವನಿಮುದ್ರಿಕೆಗಳು ಬಂದ ಮೇಲೆ, ಜೀವನೋಪಾಯಕ್ಕಾಗಿ ಹಾಡುವ ವೃತ್ತಿಮೇಳಗಳಲ್ಲಿ ಹುಟ್ಟಿದುದು. ಹೀಗಿರುವುದರಿಂದ, ಒಬ್ಬನ ಕೌಶಲವು ಹಲವರ ಸಂಪ್ರದಾಯವಾಗುವ ಬಗೆಯನ್ನು ವಿಚಾರಮಾಡುವವರಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ವಿರಳ.

ಈ ದೃಷ್ಟಿಯಿಂದ ವರ್ಜೀನಿಯಾ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಹೋದರರ ಮೇಳದ ಚರಿತ್ರೆಯು ಪರಿಶೀಲನಾರ್ಹವಾದುದು. ಅನುಕರಣದಿಂದ ಮೊದಲಾದ ಈ ಮೇಳವು ತನ್ನದೇ ಆದ ದನಿಯನ್ನು ಕಂಡುಕೊಂಡುದು ಹೇಗೆ, ಅದರ ಕೀರ್ತಿಯು ಬೆಟ್ಟಗಳ ಆಚೆಗೆ ಹಬ್ಬಿದಾಗ ತನ್ನ ನೆಲದ ಗುಣವನ್ನು ಅದು ಕಳೆದುಕೊಂಡಿತೆ, ಉಳಿಸಿಕೊಂಡಿತೆ ಎಂಬುದೇ ಪ್ರಕೃತ ವಿಷಯ.

೨

ಮೊದಲು ಈ ಸಂಗೀತದ ಲಕ್ಷಣವನ್ನು ಸ್ವಲ್ಪದರಲ್ಲಿ ತಿಳಿಯುವುದು ಅವಶ್ಯಕ. ೧೯೧೧ರಲ್ಲಿ ಕೆಂಟಕಿ ಸಂಸ್ಥಾನದಲ್ಲಿ ಹುಟ್ಟಿದ ಬಿಲ್ ಮನ್ರೋ ಎಂಬ ಮ್ಯಾಂಡೋಲಿನ್ ವಾದಕನು ಇದರ ಪ್ರವರ್ತಕ. ಆ ಸಂಸ್ಥಾನಕ್ಕೆ ಅಲ್ಲಿಯ ಹುಲ್ಲಿನಿಂದ ಬಂದ ಅಡ್ಡಹೆಸರನ್ನೇ ತೆಗೆದುಕೊಂಡು ಅವನು ತನ್ನ ಮೇಳವನ್ನು 'ಬ್ಲೂ ಗ್ರಾಸ್ ಬಾಯ್ಸ್' ಎಂದು ಕರೆದನು. ೧೯೩೯ರಲ್ಲಿ ಈ ಮೇಳವು ನ್ಯಾಶ್‌ವಿಲ್ ನಗರದ 'ಗ್ರ್ಯಾಂಡ್ ಓಲ್ ಆಪ್ರಿ' ಎಂಬ ರೇಡಿಯೋ ಕಾರ್ಯಕ್ರಮಕ್ಕೆ ಸೇರಿತು. ೧೯೪೫ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ತರುಣನು ಬಾಂಜೊ ವಾದಕನಾಗಿ ಬಂದನು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ತಂತಿಗಳನ್ನು ಸರದಿಯಂತೆ ಮೀಟಿ, ಸ್ವರಗಳ ಎಡೆಬಿಡದ ಧಾರೆಯನ್ನು ಹರಿಸುವುದು ಅವನ ವಿಶೇಷ. ಅಂದಿನಿಂದ ೧೯೪೮ರ ಮೊದಲ ಭಾಗದಲ್ಲಿ ಸ್ಕ್ರಗ್ಸನು ಹೊರಟುಹೋಗುವವರೆಗೆ ಆ ಮೇಳದಿಂದ ಕೇಳಿಬಂದ ನಾದವೇ ಮುಂದಿನವರಿಗೆಲ್ಲ ಮಾದರಿಯಾಯಿತು.

ಬಾಂಜೊ, ಪಿಟೀಲು, ಮ್ಯಾಂಡೋಲಿನ್, ಗಿಟಾರು, ದೊಡ್ಡ ಬಾಸ್ ಎಂಬ ಐದು ತಂತೀವಾದ್ಯಗಳು ಈ ಮೇಳದ ಅಂಗಗಳು. ತಾಳವಾದ್ಯವಿಲ್ಲ, ಬಾಸ್ ವಾದ್ಯವು ಎಣಿಕೆಯನ್ನು ಹಿಡಿಯುತ್ತದೆ, ಮ್ಯಾಂಡೋಲಿನ್ನಿನ ಮೊಟಕು ಮೀಟು ಎಣಿಕೆಗಳ ನಡುವಣ ಎಡೆಯನ್ನು ತುಂಬುತ್ತದೆ. ಬಾಂಜೊವಿನ ಐದನೆಯ ತಂತಿಯು ಉಳಿದವುಗಳಿಗಿಂತ ಗಿಡ್ಡ. ಸಾಮಾನ್ಯವಾಗಿ ಅದರ ಮೇಲೆ ಬೆರಳನ್ನಿಟ್ಟು ಸ್ವರ ಬದಲಿಸುವುದಿಲ್ಲ. ಒಂದೇ ಎತ್ತರದ ಸ್ವರದಲ್ಲಿ ಮರಳಿ ಮರಳಿ ಮಿಡಿಯುವ ಈ ತಂತಿಯು ಹಾಡಿಗೆ ಶ್ರುತಿಯಂತೆ ಒದಗುತ್ತದೆ. ಹಾಡುವವರು ಒಂದು ನುಡಿಯನ್ನು ಮುಗಿಸಿದೊಡನೆ ವಾದಕರಲ್ಲೊಬ್ಬನು ಮುಂದೆ ಬಂದು ಮಟ್ಟನ್ನು ತನ್ನ ವಾದ್ಯದಲ್ಲಿ ನುಡಿಸಿ ಹಿಂದೆ ಸರಿಯುವನು. ಒಂದೇ ಮೈಕಿನ ಮುಂದೆ ಹಲವರು ಹಾಡಬೇಕಾಗಿದ್ದ ರೇಡಿಯೋ ಕಾಲದ ಅನಿವಾರ್ಯವು ಈ ಸರದಿಗೆ ಒಂದು ಕ್ರಮವನ್ನು ಕೊಟ್ಟಿತು.

೩

ಕಾರ್ಟರ್ ಸ್ಟ್ಯಾನ್ಲಿ ೧೯೨೫ರಲ್ಲಿಯೂ, ಅವನ ತಮ್ಮ ರಾಲ್ಫ್ ೧೯೨೭ರಲ್ಲಿಯೂ ವರ್ಜೀನಿಯಾದ ಡಿಕನ್ಸನ್ ಜಿಲ್ಲೆಯಲ್ಲಿ ಹುಟ್ಟಿದರು. ಮರ ಕಡಿಯುವುದು, ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವುದು, ಇಳಿಜಾರಿನ ಹೊಲಗಳಲ್ಲಿ ಅಲ್ಪಸ್ವಲ್ಪ ಬೆಳೆಯುವುದು ಅಲ್ಲಿಯವರ ಕಸುಬು. ತಾಯಿ ಲೂಸಿಯು ಹಳೆಯ ಪದ್ಧತಿಯ ಬಾಂಜೊ ವಾದನವನ್ನು ಬಲ್ಲವಳು. ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಕ್ಕೆ ಬಡಿದು ನುಡಿಸುವುದು ಆ ಪದ್ಧತಿ. ರಾಲ್ಫನು ಹುಡುಗನಾಗಿದ್ದಾಗ, ಐದು ಡಾಲರಿಗೆ ಒಂದು ಹಂದಿ ಅಥವಾ ಒಂದು ಬಾಂಜೊ, ಎರಡರಲ್ಲೊಂದನ್ನು ಮಾತ್ರ ಕೊಡಿಸುವೆನೆಂದು ತಾಯಿ ಹೇಳಲು, ತಾನು ಬಾಂಜೊವನ್ನೇ ಆರಿಸಿಕೊಂಡೆನೆಂದು ಅವನೇ ಮುಂದೆ ಹೇಳುತ್ತಿದ್ದನು. ಬಡತನದ ಆ ಮನೆಯಲ್ಲಿ ಹಂದಿಯನ್ನು ಬಿಟ್ಟುದೆಂದರೆ ಅಲ್ಪ ವಿಷಯವಲ್ಲ.

ತಾಯಿಯ ಬಾಂಜೊವಿನಷ್ಟೇ ಮುಖ್ಯವಾದ ಇನ್ನೊಂದು ಪಾಠಶಾಲೆಯೆಂದರೆ 'ಪ್ರಿಮಿಟಿವ್ ಬ್ಯಾಪ್ಟಿಸ್ಟ್' ಎಂಬ ಪಂಗಡದವರ ದೇವಾಲಯ. ಅಲ್ಲಿ ವಾದ್ಯಗಳಿಗೆ ಪ್ರವೇಶವಿಲ್ಲ. ಹಿರಿಯನೊಬ್ಬನು ಸ್ತೋತ್ರದ ಒಂದೊಂದು ಸಾಲನ್ನು ಬೇಗಬೇಗನೆ ರಾಗವಾಗಿ ಹೇಳಿಕೊಡುವನು. ನೆರೆದವರೆಲ್ಲರೂ ಅದನ್ನೇ ನಿಧಾನವಾಗಿ, ಎಳೆದೆಳೆದು, ತಾಳದ ಹಂಗಿಲ್ಲದೆ ಹಾಡುವರು. ಪುಸ್ತಕಗಳು ದುರ್ಲಭವಾಗಿದ್ದ, ಓದಬಲ್ಲವರು ಕಡಮೆಯಾಗಿದ್ದ ಕಾಲದಿಂದ ಈ ರೂಢಿಯು ಉಳಿದು ಬಂದಿದೆ. ಸ್ವರದಿಂದ ಸ್ವರಕ್ಕೆ ನೇರವಾಗಿ ಹೋಗದೆ ಬಳುಕಿ ಹೋಗುವುದು, ಸಾಲಿನ ಕೊನೆಯಲ್ಲಿ ಕಂಠವನ್ನು ತಟಕ್ಕನೆ ಮೇಲಕ್ಕೆತ್ತಿ ಬಿಡುವುದು ಈ ಹಾಡುಗಾರಿಕೆಯ ಗುರುತುಗಳು. ಇವು ರಾಲ್ಫನ ಕಂಠದಲ್ಲಿ ಕೊನೆಯವರೆಗೂ ಇದ್ದುವು.

ಸಹೋದರರಿಬ್ಬರೂ ಸೈನ್ಯದ ಸೇವೆಯಿಂದ ಹಿಂದಿರುಗಿದ ಮೇಲೆ, ೧೯೪೬ರಲ್ಲಿ ತಮ್ಮ ಸೀಮೆಯ ಬೆಟ್ಟದ ಹೆಸರಿನಿಂದ 'ಕ್ಲಿಂಚ್ ಮೌಂಟನ್ ಬಾಯ್ಸ್' ಎಂಬ ಮೇಳವನ್ನು ಕಟ್ಟಿದರು. ಆ ವರ್ಷದ ಕೊನೆಯಲ್ಲಿ ವರ್ಜೀನಿಯಾ ಮತ್ತು ಟೆನ್ನೆಸಿ ಸಂಸ್ಥಾನಗಳ ಗಡಿಯಲ್ಲಿರುವ ಬ್ರಿಸ್ಟಲ್ ಪಟ್ಟಣದ ಡಬ್ಲ್ಯು.ಸಿ.ವೈ.ಬಿ. ಎಂಬ ರೇಡಿಯೋ ಕೇಂದ್ರದಲ್ಲಿ ಮಧ್ಯಾಹ್ನದ 'ಫಾರ್ಮ್ ಅಂಡ್ ಫನ್ ಟೈಮ್' ಎಂಬ ಕಾರ್ಯಕ್ರಮದಲ್ಲಿ ಹಾಡತೊಡಗಿದರು. ಸುತ್ತಣ ಬೆಟ್ಟದೂರುಗಳ ರೈತರೂ ಗಣಿಯ ಕೂಲಿಗಳೂ ಉಣ್ಣುವ ಹೊತ್ತಿಗೆ ಈ ಹಾಡುಗಳನ್ನು ಕೇಳುತ್ತಿದ್ದರು. ಸಂಜೆ ಯಾವ ಊರಿನ ಶಾಲೆಯಲ್ಲಿ ಹಾಡುಂಟೆಂಬುದನ್ನು ಅಲ್ಲಿಯೇ ಸಾರುವರು. ರೇಡಿಯೋ ಹೆಸರನ್ನು ಕೊಟ್ಟಿತು. ಶಾಲೆಗಳಲ್ಲಿ ನಡೆದ ಸಂಜೆಯ ಆಟಗಳು ಅನ್ನವನ್ನು ಕೊಟ್ಟುವು.

೪

ಆರಂಭದಲ್ಲಿ ಈ ಮೇಳಕ್ಕೆ ಮನ್ರೋವಿನ ಮೇಳವೇ ಆದರ್ಶ. ಶನಿವಾರ ರಾತ್ರಿ ನ್ಯಾಶ್‌ವಿಲ್ಲಿನಿಂದ ರೇಡಿಯೋದಲ್ಲಿ ಕೇಳಿದುದನ್ನು ಕಲಿತು ತಾವೂ ಹಾಡುವುದು ಅವರ ವಾಡಿಕೆಯಾಗಿದ್ದಿತು. ಇವುಗಳಲ್ಲಿ 'ಮಾಲಿ ಅಂಡ್ ಟೆನ್‌ಬ್ರುಕ್ಸ್' ಎಂಬ ಕಥನಗೀತೆಯು ಚರಿತ್ರೆಯಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ. ೧೮೭೮ರಲ್ಲಿ ಕೆಂಟಕಿಯ ಲೂಯಿವಿಲ್ ನಗರದಲ್ಲಿ ನಡೆದ ಒಂದು ಕುದುರೆ ಜೂಜು ಅದರ ವಸ್ತು. ಮನ್ರೋವು ಇದನ್ನು ೧೯೪೭ರಲ್ಲಿ ಧ್ವನಿಮುದ್ರಣ ಮಾಡಿಸಿದ್ದರೂ ಮುದ್ರಿಕೆಯು ಮಾರಾಟಕ್ಕೆ ಬಂದುದು ೧೯೪೯ರಲ್ಲಿ. ಅಷ್ಟರೊಳಗೆ, ೧೯೪೮ರಲ್ಲಿಯೇ, ಸ್ಟ್ಯಾನ್ಲಿ ಸಹೋದರರು ರೇಡಿಯೋದಲ್ಲಿ ಕೇಳಿದ ಆ ಹಾಡನ್ನು 'ರಿಚ್-ಆರ್-ಟೋನ್' ಎಂಬ ಚಿಕ್ಕ ಕಂಪನಿಯ ಮೂಲಕ ಹೊರತಂದಿದ್ದರು. ರಾಲ್ಫನು ಅದರಲ್ಲಿ ತಾಯಿಯ ಪದ್ಧತಿಯನ್ನು ಬಿಟ್ಟು ಸ್ಕ್ರಗ್ಸನಂತೆ ಮೂರು ಬೆರಳುಗಳಿಂದ ನುಡಿಸಿರುವನು. ಮೂಲಕ್ಕಿಂತ ಮೊದಲು ಪ್ರತಿಯೇ ಲೋಕಕ್ಕೆ ಬಂದಿತು!

ಮನ್ರೋವಿಗೆ ಇದರಿಂದ ಕೋಪ ಬಂದುದು ಸಹಜವೇ. ೧೯೪೯ರಲ್ಲಿ ಸ್ಟ್ಯಾನ್ಲಿ ಸಹೋದರರು ಅವನಿದ್ದ ಕೊಲಂಬಿಯಾ ಕಂಪನಿಗೇ ಸೇರಲು, ಅವನು ಅದನ್ನು ಬಿಟ್ಟು ಡೆಕ್ಕಾ ಕಂಪನಿಗೆ ಹೋದನು. ಅವರು ಸೇರಿದುದೇ ಇದಕ್ಕೆ ಕಾರಣವೆಂದು ಸಾಧಾರಣವಾಗಿ ಹೇಳುವರು. ಆದರೆ ವಿದ್ವಾಂಸರ ದೃಷ್ಟಿಯಲ್ಲಿ ಈ ಘಟನೆಯ ಅರ್ಥವೇ ಬೇರೆ. ನೀಲ್ ರೋಸೆನ್‌ಬರ್ಗ್ ಎಂಬ ಜಾನಪದ ಪಂಡಿತನು ೧೯೬೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಮುದ್ರಿಕೆಯನ್ನೇ ಪ್ರಮಾಣವಾಗಿ ಹಿಡಿದು, ಒಂದು ಮೇಳದ ನಾದವಾಗಿದ್ದುದು ಒಂದು ಶೈಲಿಯಾಗಿ ಮಾರ್ಪಟ್ಟುದು ಇಲ್ಲಿಂದಲೇ ಎಂದು ವಾದಿಸಿರುವನು. ಈ ಮಾತು ವಿಚಾರಯೋಗ್ಯವಾಗಿದೆ. ಒಬ್ಬನಲ್ಲಿ ಮಾತ್ರ ಇರುವವರೆಗೆ ಅದು ಅವನ ವೈಶಿಷ್ಟ್ಯ; ಎರಡನೆಯವನು ಅದನ್ನು ಕಲಿತು ನುಡಿಸಿದಂದು ಅದಕ್ಕೆ ಲಕ್ಷಣವೊಂದು ಇದೆಯೆಂಬುದು ಹೊರಗೆ ಬೀಳುತ್ತದೆ. ಲಕ್ಷಣ ತಿಳಿದ ಮೇಲೆ ಅದನ್ನು ಪಾಲಿಸುವುದಕ್ಕೂ ಮೀರುವುದಕ್ಕೂ ಅವಕಾಶವುಂಟಾಗುತ್ತದೆ. 'ಬ್ಲೂಗ್ರಾಸ್' ಎಂಬ ಹೆಸರು ಮನ್ರೋವಿನ ಮೇಳದಿಂದ ಇಡೀ ಶೈಲಿಗೆ ಸಂದುದು ೧೯೫೦ರ ದಶಕದಲ್ಲಿ. ವೈಮನಸ್ಯವೂ ಬಹುಕಾಲ ಉಳಿಯಲಿಲ್ಲ. ೧೯೫೧ರಲ್ಲಿ ಕಾರ್ಟರನು ಕೆಲವು ತಿಂಗಳು ಮನ್ರೋವಿನ ಮೇಳದಲ್ಲಿಯೇ ಹಾಡಿದನು.

೫

ಕೊಲಂಬಿಯಾ ಕಂಪನಿಗಾಗಿ ೧೯೪೯ರಿಂದ ೧೯೫೨ರವರೆಗೆ ಮಾಡಿದ ಮುದ್ರಿಕೆಗಳಲ್ಲಿ ಈ ಮೇಳದ ಸ್ವಂತ ದನಿಯು ಕೇಳಿಬರುತ್ತದೆ. ಕಾರ್ಟರನು ಮುಖ್ಯ ಮಟ್ಟನ್ನು ಹಾಡುವನು. ರಾಲ್ಫನು ಅದಕ್ಕೆ ಮೇಲಿನ ಸ್ವರವನ್ನು ಹಿಡಿಯುವನು. ಮೂರನೆಯ ದನಿಯು ರೂಢಿಯಂತೆ ಇವೆರಡಕ್ಕೂ ಕೆಳಗಿರಬೇಕಾಗಿತ್ತು. ಕೆಲವು ಹಾಡುಗಳಲ್ಲಿ ಮ್ಯಾಂಡೋಲಿನ್ ವಾದಕ ಪೀ ವೀ ಲ್ಯಾಂಬರ್ಟನು ಅದನ್ನು ಎಲ್ಲಕ್ಕೂ ಮೇಲಕ್ಕೆ ಒಯ್ದನು. ಹೀಗೆ ಮೂರು ಕಂಠಗಳೂ ಎತ್ತರದಲ್ಲಿ ಒಂದನ್ನೊಂದು ಒತ್ತಿ ನಿಲ್ಲುವುದರಿಂದ ಹುಟ್ಟುವ ಆರ್ತತೆಯು ಮನ್ರೋವಿನ ವೇಗಕ್ಕಿಂತ ಭಿನ್ನವಾದುದು.

ಕಾರ್ಟರನು ಕವಿಯೂ ಹೌದು. ಅವನ 'ದಿ ವೈಟ್ ಡವ್' ಎಂಬ ಗೀತೆಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವನ ದುಃಖವು ವರ್ಣಿತವಾಗಿದೆ. ೧೯೪೯ರಲ್ಲಿ ಅದನ್ನು ಧ್ವನಿಮುದ್ರಿಸಿದಾಗ ಅವನ ತಾಯಿಯು ಜೀವಿಸಿಯೇ ಇದ್ದಳು. ಇದರಿಂದ ಗೀತೆಯು ಹುಸಿಯೆಂದು ತಿಳಿಯಬಾರದು. ಬಿಟ್ಟುಬಂದ ಮನೆ, ತಾಯಿಯ ಸಮಾಧಿ, ಬೆಟ್ಟದ ಕಣಿವೆ ಇವು ಆ ಹಾಡುಗಾರಿಕೆಯ ಕವಿಸಮಯಗಳು. ಗಣಿಗಳಲ್ಲಿ ಕೆಲಸ ತಪ್ಪಿ ಉತ್ತರದ ಕೈಗಾರಿಕಾ ನಗರಗಳಿಗೆ ವಲಸೆಹೋದ ಸಾವಿರಾರು ಬೆಟ್ಟದವರಿಗೆ ಆ ಕವಿಸಮಯವೇ ಅನುಭವವಾಗಿದ್ದಿತು. ೧೯೫೦ರಲ್ಲಿ ರಾಲ್ಫನು ಹಾಡಿದ 'ಮ್ಯಾನ್ ಆಫ್ ಕಾನ್‌ಸ್ಟಂಟ್ ಸಾರೋ' ಎಂಬ ಹಳೆಯ ಹಾಡಿನ ಶಕ್ತಿಯೂ ಇದೇ ಬಗೆಯದು. ಮುಂದೆ ೧೯೬೨ರಲ್ಲಿ ಬಾಬ್ ಡಿಲನ್ ತನ್ನ ಮೊದಲ ಮುದ್ರಿಕಾಸಂಪುಟದಲ್ಲಿ ಅದೇ ಹಾಡನ್ನು ಹಾಡಿದನು.

ಆದರೂ ೧೯೫೦ರ ದಶಕದ ಉತ್ತರಾರ್ಧವು ಕಷ್ಟದ ಕಾಲ. ರಾಕ್ ಅಂಡ್ ರೋಲ್ ಬಂದ ಮೇಲೆ ತರುಣರ ಅಭಿರುಚಿ ಬದಲಾಯಿತು. ಸಹೋದರರು ೧೯೫೮ರಲ್ಲಿ ಫ್ಲಾರಿಡಾದ ಲೈವ್ ಓಕ್ ಎಂಬ ಊರಿಗೆ ಬಿಡಾರವನ್ನು ಬದಲಾಯಿಸಿದರು. ಅದೇ ವರ್ಷ ಸೇರಿದ ಕಿಂಗ್ ಎಂಬ ಕಂಪನಿಯು ಪಿಟೀಲು ಮ್ಯಾಂಡೋಲಿನ್‌ಗಳಿಗಿಂತ ಗಿಟಾರನ್ನು ಮುಂದೆ ಮಾಡಬೇಕೆಂದು ಬಯಸಿತು. ೧೯೬೦ರಲ್ಲಿ, ಅದೇ ಕಂಪನಿಯ ನೀಗ್ರೋ ಗಾಯಕ ಹ್ಯಾಂಕ್ ಬ್ಯಾಲರ್ಡನ 'ಫಿಂಗರ್ ಪಾಪಿನ್ ಟೈಮ್' ಎಂಬ ಕುಣಿತದ ಹಾಡನ್ನು ಸಹ ಇವರಿಂದ ಹಾಡಿಸಿದರು. ಅದು ಇವರಿಗೆ ಒಗ್ಗಲಿಲ್ಲ. ಗಿಟಾರಿನ ಒತ್ತಾಯದಿಂದ ಮಾತ್ರ ಒಂದು ಒಳಿತಾಯಿತು. ಜಾರ್ಜ್ ಶಫ್ಲರನು ಒಂದೇ ಮೀಟುಗೋಲಿನಿಂದ ತಂತಿಗಳ ನಡುವೆ ಅಡ್ಡಡ್ಡವಾಗಿ ಓಡಾಡುವ ವಾದನಕ್ರಮವನ್ನು ಬೆಳೆಸಿ, ಮೇಳಕ್ಕೆ ಹೊಸ ಬಣ್ಣವನ್ನು ಕೊಟ್ಟನು. ಹೊರಗಿನ ಒತ್ತಡವೆಲ್ಲ ಕೆಡುಕಲ್ಲವೆಂಬುದಕ್ಕೆ ಇದೂ ಸಾಕ್ಷಿ.

೬

ಈ ನಡುವೆ ಕೀರ್ತಿಯು ಬೇರೊಂದು ದಿಕ್ಕಿನಿಂದ ಬಂದಿತು. ಉತ್ತರದ ನಗರಗಳ ವಿದ್ಯಾರ್ಥಿಗಳೂ ಜನಪದ ಗೀತಾಸಕ್ತರೂ ಈ ಸಂಗೀತವನ್ನು ಅರಸಿ ಬಂದರು. ೧೯೫೯ರಲ್ಲಿ ನ್ಯೂಪೋರ್ಟಿನ ಮೊದಲ ಜನಪದ ಸಂಗೀತೋತ್ಸವದಲ್ಲಿ ಸಹೋದರರು ಹಾಡಿದರು; ೧೯೬೬ರಲ್ಲಿ ಯೂರೋಪಿಗೆ ಹೋಗಿಬಂದರು. ಅದೇ ವರ್ಷದ ಡಿಸೆಂಬರ್ ೧ರಂದು ಕಾರ್ಟರನು ನಾಲ್ವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಾತು ಬಲ್ಲವನು, ಪದ ಕಟ್ಟುವವನು, ಮುಖ್ಯ ಗಾಯಕನು ಅವನೇ. ಸಂಕೋಚ ಸ್ವಭಾವದ ರಾಲ್ಫನು ಮೇಳವನ್ನು ಮುಂದುವರಿಸಬೇಕೆ ಬಿಡಬೇಕೆ ಎಂದು ತೊಳಲಬೇಕಾಯಿತು.

ಅವನು ಮುಂದುವರಿಸಿದನು, ಹೊಸದನ್ನು ಅರಸದೆ ಇನ್ನೂ ಹಿಂದಕ್ಕೆ ನಡೆದನು. ತನ್ನ ಸಂಗೀತವನ್ನು ಬ್ಲೂಗ್ರಾಸ್ ಎನ್ನುವುದಕ್ಕಿಂತ ಹಳೆಯ ಬೆಟ್ಟದ ಸಂಗೀತವೆನ್ನುವುದೇ ಅವನಿಗೆ ಹೆಚ್ಚು ಪ್ರಿಯವಾಯಿತು. ೧೯೭೧ರ 'ಕ್ರೈ ಫ್ರಂ ದಿ ಕ್ರಾಸ್' ಎಂಬ ಸಂಪುಟದಲ್ಲಿ ಬಾಲ್ಯದ ದೇವಾಲಯದ ರೀತಿಯಲ್ಲಿ ವಾದ್ಯವಿಲ್ಲದ ಹಾಡನ್ನು ಸೇರಿಸಿದನು. ವಾದ್ಯಕೌಶಲಕ್ಕೇ ಹೆಸರಾದ ಸಂಗೀತದಲ್ಲಿ ವಾದ್ಯಗಳನ್ನು ಕೆಳಗಿಡುವುದು ಸಾಹಸವೇ ಸರಿ. ರಿಕಿ ಸ್ಕ್ಯಾಗ್ಸ್, ಕೀತ್ ವಿಟ್ಲಿ ಎಂಬ ಇಬ್ಬರು ಹುಡುಗರು ಆ ವೇಳೆಗೆ ಮೇಳವನ್ನು ಸೇರಿ ಮುಂದೆ ತಾವೇ ಪ್ರಸಿದ್ಧರಾದರು. ೧೯೭೬ರಲ್ಲಿ ಲಿಂಕನ್ ಮೆಮೋರಿಯಲ್ ವಿಶ್ವವಿದ್ಯಾನಿಲಯವು ರಾಲ್ಫನಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತಿತು.

೨೦೦೦ದಲ್ಲಿ ಬಂದ 'ಓ ಬ್ರದರ್, ವೇರ್ ಆರ್ಟ್ ದೌ?' ಎಂಬ ಚಲಚ್ಚಿತ್ರಕ್ಕಾಗಿ ಮೃತ್ಯುವನ್ನು ಸಂಬೋಧಿಸುವ 'ಓ ಡೆತ್' ಎಂಬ ಹಾಡನ್ನು ಅವನಿಂದ ಹಾಡಿಸಬೇಕಾಗಿದ್ದಿತು. ಸಂಗೀತ ನಿರ್ದೇಶಕನು ಬಾಂಜೊವಿನೊಡನೆ ಹಾಡಬೇಕೆಂದು ಕೇಳಿದನೆಂದೂ, ತಾನು ಬಾಂಜೊವನ್ನು ಬಿಟ್ಟು ದೇವಾಲಯದ ರೀತಿಯಲ್ಲಿ ಹಾಡಿ ತೋರಿಸಿದೆನೆಂದೂ, ಅದೇ ಒಪ್ಪಿತವಾಯಿತೆಂದೂ ರಾಲ್ಫನು ತಿಳಿಸಿರುವನು. ೨೦೦೨ರಲ್ಲಿ ಆ ಹಾಡಿಗೆ ಗ್ರ್ಯಾಮಿ ಪುರಸ್ಕಾರ ದೊರೆಯಿತು. ಎಪ್ಪತ್ತೈದನೆಯ ವಯಸ್ಸಿನಲ್ಲಿ, ತನ್ನ ಕಲೆಯ ಅತ್ಯಂತ ಸ್ಥಳೀಯವಾದ ಅಂಶದಿಂದಲೇ ಅವನು ಅತ್ಯಂತ ವಿಶಾಲವಾದ ಕೀರ್ತಿಯನ್ನು ಪಡೆದನು. ೨೦೧೬ರ ಜೂನ್ ೨೩ರಂದು ಅವನು ನಿಧನನಾದನು.

೭

ಇಷ್ಟರಿಂದ, ಬೇರನ್ನು ಬಿಡದಿದ್ದವನಿಗೆ ಕೀರ್ತಿ ತಾನಾಗಿ ಬರುವುದೆಂದು ಹೇಳಿಬಿಡುವುದು ಸುಲಭ. ಆದರೆ ಚರಿತ್ರೆಯು ಅಷ್ಟು ಸರಳವಲ್ಲ. ಬೇರೆಂದು ಹೇಳುವುದು ಒಂದೇ ಅಲ್ಲ. ಬೆಟ್ಟದವರ ಸ್ವತ್ತೆಂದು ತೋರುವ ಬಾಂಜೊ ಮೂಲತಃ ಆಫ್ರಿಕಾದಿಂದ ದಾಸರಾಗಿ ಬಂದವರ ವಾದ್ಯ. ಮನ್ರೋವು ತನ್ನ ಗುರುಗಳಲ್ಲಿ ಒಬ್ಬನೆಂದು ಎಣಿಸಿದ ಆರ್ನಲ್ಡ್ ಶುಲ್ಟ್ಸ್ ನೀಗ್ರೋ ಕಲಾವಿದ. ರಾಲ್ಫನ ಬೆರಳುಗಳಲ್ಲಿದ್ದುದು ಸ್ಕ್ರಗ್ಸನ ಕ್ರಮ. ಆದುದರಿಂದ ಶುದ್ಧವಾದ ಒಂದು ಮೂಲವನ್ನು ಅವನು ಕಾಪಾಡಿದನೆಂಬುದಕ್ಕಿಂತ, ಹಲವು ಕಡೆಗಳಿಂದ ಕಲಿತುದನ್ನು ತನ್ನ ದೇವಾಲಯದ ದನಿಯಲ್ಲಿ ಕರಗಿಸಿಕೊಂಡನೆಂಬುದೇ ಯುಕ್ತ. ಮಾರ್ಗ ದೇಸಿಗಳೆಂಬ ಮಾತುಗಳಲ್ಲಿ ಹೇಳುವುದಾದರೆ, ಮನ್ರೋವಿನ ನಾದವನ್ನು ಮಾರ್ಗವಾಗಿ ಮಾಡಿದುದು ಸ್ಟ್ಯಾನ್ಲಿ ಸಹೋದರರ ಅನುಕರಣ. ಆ ಮಾರ್ಗದೊಳಗೆ ದೇಸಿಯನ್ನು ಹೊಗಿಸಿದುದು ಅವರ ಸ್ವಂತಿಕೆ. ಎರಡನೆಯದಕ್ಕೆ ಮೊದಲನೆಯದು ಅಡ್ಡಿಯಾಗಲಿಲ್ಲ, ಮೆಟ್ಟಿಲಾಯಿತು.

ಡಿಕನ್ಸನ್ ಜಿಲ್ಲೆಯ ಕ್ಲಿಂಟ್‌ವುಡ್ ಊರಿನಲ್ಲಿ ೨೦೦೪ರಲ್ಲಿ ರಾಲ್ಫನ ಹೆಸರಿನ ವಸ್ತುಸಂಗ್ರಹಾಲಯವೊಂದು ಸ್ಥಾಪಿತವಾಯಿತು. ಸಹೋದರರು ಕೇಳಿ ಕಲಿತ ಸಾಲು ಸಾಲಿನ ಸ್ತೋತ್ರಗಾನವಾದರೋ ವಸ್ತುವಲ್ಲ. ಅದು ಹೇಳಿಕೊಡುವವನೂ ಹೇಳುವವರೂ ಒಂದೇ ಸೂರಿನ ಕೆಳಗೆ ಕುಳಿತಿರುವವರೆಗೆ ಮಾತ್ರ ಬಾಳುವಂಥದು.