ಪರನಾಡಿನ ಚರ್ಮವೈದ್ಯರ ಮುಂದೆ

ರೋಣ, ನರಗುಂದ, ಗಜೇಂದ್ರಗಡ ಭಾಗದಿಂದ ಗೋವೆಗೆ ದುಡಿಯಲು ಹೋಗುವವರು ಅನೇಕರು. ಹಬ್ಬಕ್ಕೆ ಊರಿಗೆ ಬಂದಾಗ ಅವರು ನಮ್ಮಲ್ಲಿಗೆ ತರುವ ಬೇನೆಗಳಲ್ಲಿ ಗಜಕರ್ಣವೇ ಹೆಚ್ಚು. ಕಳೆದ ವರ್ಷ ಬಂದ ಗೌಂಡಿಯೊಬ್ಬರ ಸೊಂಟದ ಗಜಕರ್ಣವು ಉಂಗುರದ ಆಕಾರವನ್ನೇ ಕಳೆದುಕೊಂಡು ಹರಡಿತ್ತು. ಅಲ್ಲಿಯ ಚರ್ಮವೈದ್ಯರ ಮುಂದೆ ಅವರು ನಮ್ಮೂರ ಮಾತಿನಲ್ಲೇ "ತಿಂಡಿ ಬಾಳ" ಎಂದರಂತೆ. ಕೊಂಕಣಿಯವರಿಗೆ ತಿಳಿಯುವುದೆಂತು? ಬೆಂಗಳೂರಿನ ವೈದ್ಯರಾಗಿದ್ದರೂ ಉಪಾಹಾರವೆಂದೇ ಭಾವಿಸುತ್ತಿದ್ದರು! ಅಂಗಡಿಯ ಮುಲಾಮನ್ನು ಮೂರು ತಿಂಗಳು ಹಚ್ಚಿದ ಸಂಗತಿ ಮಾತ್ರ ಹೇಳದೆ ಉಳಿಯಿತು. ಟ್ಯೂಬು ಅವರ ಜೇಬಿನಲ್ಲೇ ಇತ್ತು. ಯಾರೂ ಕೇಳಲಿಲ್ಲ, ಅವರೂ ತೋರಿಸಲಿಲ್ಲ.

ಅದು ಸ್ಟೆರಾಯ್ಡ್ ಬೆರೆತ ಮುಲಾಮು. ಸ್ಟೆರಾಯ್ಡು ತುರಿಕೆಯನ್ನೂ ಕೆಂಪನ್ನೂ ಅಡಗಿಸುತ್ತದೆ, ಶಿಲೀಂಧ್ರವನ್ನು ಒಳಗೊಳಗೇ ಬೆಳೆಯಗೊಡುತ್ತದೆ. ಹೀಗೆ ಲಕ್ಷಣ ಮಾಸಿದ ಗಜಕರ್ಣವು ನುರಿತ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಇಂಥ ಅನೇಕ ಮುಲಾಮುಗಳಿಗೆ ವೈದ್ಯರ ಚೀಟಿ ಬೇಕೆಂಬ ನಿಯಮ 2018ರಲ್ಲೇ ಬಂದಿದೆ, ಪಾಲಿಸುವವರಾರು?

ಆದುದರಿಂದ ಗೋವೆಗಾಗಲಿ, ಮಗನಿರುವ ಜರ್ಮನಿಗಾಗಲಿ ಹೋದವರು ಹಚ್ಚಿದ, ನುಂಗಿದ ಔಷಧಗಳನ್ನೆಲ್ಲ ವೈದ್ಯರ ಮೇಜಿನ ಮೇಲಿಡಿರಿ. ನಾವು ಕೊಟ್ಟ ತೈಲ, ಚೂರ್ಣಗಳನ್ನೂ ಮುಚ್ಚಿಡಬೇಡಿರಿ. ಕಲೆ ಮೊದಲು ಕಂಡಾಗಿನ ಚಿತ್ರ ಮೊಬೈಲಿನಲ್ಲಿರಲಿ. ಎಷ್ಟು ದಿನದ ಬೇನೆ, ಯಾವ ಔಷಧ ಒಗ್ಗದು ಎಂಬುದನ್ನು ಬಲ್ಲವರಿಂದ ಆ ನಾಡಿನ ನುಡಿಯಲ್ಲಿ ಬರೆಯಿಸಿಕೊಳ್ಳಿರಿ. ಜರ್ಮನ್ನರಿಗೆ 'ಎಸ್ ಯುಕ್ಟ್' ಎಂದರೆ ತುರಿಕೆಯೆಂದು ತಿಳಿಯುತ್ತದೆ. ತೋರಿಸುವ ದಿನ ಚರ್ಮಕ್ಕೆ ಏನನ್ನೂ ಹಚ್ಚಬೇಡಿರಿ. ಜೊತೆಯಲ್ಲಿ ಮಲಗುವವರಿಗೂ ರಾತ್ರಿ ತುರಿಕೆಯಿದ್ದರೆ ಸನ್ನೆಯಿಂದಾದರೂ ತಿಳಿಸಿರಿ. ಅದು ಕಜ್ಜಿಯಾಗಿದ್ದರೆ ಎಲ್ಲರಿಗೂ ಒಮ್ಮೆಲೇ ಔಷಧ ಬೇಕು.

ಗೌಂಡಿಯವರನ್ನು ನಾವು ಗದಗಿನ ಚರ್ಮತಜ್ಞರಲ್ಲಿಗೆ ಕಳುಹಿಸಿದೆವು, ಜೇಬಿನ ಟ್ಯೂಬನ್ನು ಕೈಯಲ್ಲಿ ಹಿಡಿಸಿ.