ಓದುವ ಖುಷಿ ಹೋದರೆ ಓದುವ ಕಸುವೂ ಹೋದೀತು

ಜನ ದಿನದ ಇಪ್ಪತ್ತನಾಲ್ಕು ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಅಮೆರಿಕ ಸರ್ಕಾರ ಪ್ರತಿವರ್ಷ ಸಮೀಕ್ಷೆ ನಡೆಸುತ್ತದೆ. 2003ರಿಂದ 2023ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಜನ ಕೊಟ್ಟ ಉತ್ತರಗಳನ್ನು ಫ್ಲಾರಿಡಾ ವಿಶ್ವವಿದ್ಯಾಲಯ ಮತ್ತು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ಜಾಲಾಡಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದರು. 2004ರಲ್ಲಿ ಯಾವುದೇ ಒಂದು ದಿನ ಖುಷಿಗಾಗಿ ಓದುತ್ತಿದ್ದವರು ಶೇ 28ರಷ್ಟಿದ್ದರು. 2023ರಲ್ಲಿ ಉಳಿದದ್ದು ಶೇ 16. ಪತ್ರಿಕೆ, ಇ-ಪುಸ್ತಕ, ಆಡಿಯೊ ಪುಸ್ತಕ ಎಲ್ಲವನ್ನೂ ಸೇರಿಸಿದ ಮೇಲಿನ ಲೆಕ್ಕವಿದು. ಬ್ರಿಟನ್ನಿನಲ್ಲೂ ಅದೇ ಹಾದಿ. 8ರಿಂದ 18 ವರ್ಷದ ಮಕ್ಕಳಲ್ಲಿ ಬಿಡುವಿನ ಓದು ಇಷ್ಟ ಎಂದವರು ಮೂವರಲ್ಲಿ ಒಬ್ಬರು ಮಾತ್ರ ಎಂದು ನ್ಯಾಷನಲ್ ಲಿಟರಸಿ ಟ್ರಸ್ಟ್‌ನ 2025ರ ಸಮೀಕ್ಷೆ ಹೇಳಿತು. ಇಪ್ಪತ್ತು ವರ್ಷಗಳಲ್ಲಿ ಇದೇ ಅತಿ ಕಡಿಮೆ.

ಒಂದು ಹವ್ಯಾಸ ಹೋಗಿ ಇನ್ನೊಂದು ಬಂತು, ಅದಕ್ಕೇನಂತೆ ಎಂದು ಕೇಳುವವರಿದ್ದಾರೆ. ಆದರೆ ಓದು ಬರೀ ಹವ್ಯಾಸವಲ್ಲ. ಮಾತು ಮಗುವಿಗೆ ಕೇಳುತ್ತ ಕೇಳುತ್ತ ಬರುತ್ತದೆ. ಓದು ಹಾಗೆ ಬರುವುದಿಲ್ಲ. ಬೇರೆ ಕೆಲಸಗಳಿಗಾಗಿ ಇರುವ ಮಿದುಳಿನ ಭಾಗಗಳನ್ನು ಅಭ್ಯಾಸದಿಂದ ಪಳಗಿಸಿ ಅದನ್ನು ಕಟ್ಟಿಕೊಳ್ಳಬೇಕು. ಲಖನೌ ಸುತ್ತಲಿನ ಹಳ್ಳಿಗಳಲ್ಲಿ ಅಕ್ಷರವೇ ಬಾರದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿ, ಕಲಿಕೆಗೆ ಮೊದಲೂ ನಂತರವೂ ಅವರ ಮಿದುಳನ್ನು ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬದಲಾವಣೆ ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ, ಆಳದ ಥಾಲಮಸ್ ಮತ್ತು ಮಿದುಳುಕಾಂಡದವರೆಗೂ ಇಳಿದಿತ್ತು. ಇಷ್ಟು ಶ್ರಮದಿಂದ ಕಟ್ಟಿದ್ದು ಬಳಕೆಯಿಲ್ಲದೆ ಹಾಗೇ ಚುರುಕಾಗಿ ಉಳಿದೀತು ಎಂದು ನಂಬಲು ನನಗೆ ಧೈರ್ಯವಿಲ್ಲ.

ಆ ಬಳಕೆ ಶಾಲೆಯ ಪಾಠವೊಂದರಿಂದ ಆಗುವುದಲ್ಲ. ಅಮೆರಿಕದ ಐದನೇ ತರಗತಿ ಮಕ್ಕಳು ಶಾಲೆಯ ಹೊರಗೆ ಎಷ್ಟು ಓದುತ್ತಾರೆಂದು 1988ರ ಅಧ್ಯಯನವೊಂದು ಅಳೆದಿತ್ತು. ಅತಿ ಹೆಚ್ಚು ಓದುವ ಮಕ್ಕಳ ಕಣ್ಣ ಮುಂದೆ ವರ್ಷಕ್ಕೆ ನಲವತ್ತು ಲಕ್ಷಕ್ಕೂ ಮಿಗಿಲಾದ ಪದಗಳು ಹಾದುಹೋಗುತ್ತಿದ್ದವು. ಕಡಿಮೆ ಓದುವವರ ಪಾಲಿಗೆ ಕೆಲವೇ ಸಾವಿರ. ಚೆನ್ನಾಗಿ ಓದಬಲ್ಲ ಮಗು ಹೆಚ್ಚು ಓದುತ್ತದೆ, ಓದಿದಷ್ಟೂ ಇನ್ನೂ ಚೆನ್ನಾಗಿ ಓದುತ್ತದೆ. ತಡವರಿಸುವ ಮಗು ಪುಸ್ತಕ ಮುಚ್ಚಿಡುತ್ತದೆ. ಅಂತರ ಬೆಳೆಯುತ್ತಲೇ ಹೋಗುತ್ತದೆ.

ಓದು ಕಡಿಮೆಯಾಗುವುದು ಕನ್ನಡಕ್ಕೆ ಇನ್ನೂ ಹೆಚ್ಚಿನ ಅಪಾಯ. ನಮ್ಮ ಲಿಪಿಯಲ್ಲಿ ಗುಣಿತಾಕ್ಷರಗಳೇ ನಾನೂರಕ್ಕೂ ಹೆಚ್ಚು, ಒತ್ತಕ್ಷರಗಳು ಬೇರೆ. ‘ಸೂರ್ಯ’ ಎಂದು ಓದುವ ಮಗುವಿನ ಕಣ್ಣಿಗೆ ಮೊದಲು ಸಿಗುವುದು ‘ಯ’, ಆಮೇಲೆ ಅರ್ಕಾವೊತ್ತು; ಬಾಯಿ ಮಾತ್ರ ‘ರ’ಕಾರವನ್ನು ಮೊದಲು ನುಡಿಯಬೇಕು. ‘ಸ್ವಾತಂತ್ರ್ಯ’ದ ಕೊನೆಯ ಅಕ್ಷರದಲ್ಲಿ ತಕಾರಕ್ಕೆ ಎರಡು ಒತ್ತು. ಕಣ್ಣು ಬಲಕ್ಕೂ ಹೋಗಬೇಕು, ಕೆಳಕ್ಕೂ ಇಳಿಯಬೇಕು. ಕನ್ನಡ ಮಕ್ಕಳ ಓದನ್ನು ದೀರ್ಘಕಾಲ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರು, ಈ ಅಕ್ಷರಜ್ಞಾನ ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯ ಹೊತ್ತಿಗೂ ಕಲಿಕೆ ನಡೆದೇ ಇರುತ್ತದೆ ಎಂದು ತೋರಿಸಿಕೊಟ್ಟಿದ್ದಾರೆ.

ಅಂದರೆ ಎಂಟರಿಂದ ಹನ್ನೆರಡರ ವಯಸ್ಸು ನಮ್ಮ ಮಕ್ಕಳ ಓದು ಸಲೀಸಾಗುವ ಕಾಲ. ಕೈಗೆ ಮೊಬೈಲ್ ಬರುವ ಕಾಲವೂ ಅದರ ಬೆನ್ನಿಗೇ. ಗ್ರಾಮೀಣ ಭಾರತದ 14ರಿಂದ 16ರ ವಯಸ್ಸಿನವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರ ಅದನ್ನು ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76 ಎಂದು 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯ ವರದಿ ಹೇಳುತ್ತದೆ. ಕತೆಪುಸ್ತಕದಲ್ಲಿ ಮತ್ತೆ ಮತ್ತೆ ಕಂಡು ಪಳಗಬೇಕಾದ ಒತ್ತಕ್ಷರಗಳು ಕಣ್ಣಿಗೆ ಬೀಳದೇ ಹೋದರೆ, ಕನ್ನಡ ಮಾತಾಡುವ, ಆದರೆ ಒಂದು ಪುಟ ಕನ್ನಡ ಓದಲು ಬೆವರುವ ತಲೆಮಾರು ಎದ್ದು ನಿಲ್ಲುತ್ತದೆ. ಇದು ನನ್ನ ಅನುಮಾನ; ಆದರೆ ಮೇಲಿನ ಅಂಕಿಗಳೆಲ್ಲ ಅತ್ತಲೇ ಬೆರಳು ತೋರುತ್ತವೆ.

ಮಕ್ಕಳ ಮಾತು ಹಾಗಿರಲಿ, ಓದು ಬಿಟ್ಟ ದೊಡ್ಡವರೂ ಅದಕ್ಕೆ ಮರಳಲು ಸಾಧ್ಯವಿದೆ. ಸಾಧ್ಯವಾದರೆ ಕಾಗದದ ಪುಸ್ತಕವನ್ನೇ ಹಿಡಿಯಿರಿ. 54 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಪರದೆಗಿಂತ ಕಾಗದದಲ್ಲಿ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ಫೋನ್ ಇನ್ನೊಂದು ಕೋಣೆಯಲ್ಲಿರಲಿ. ಘನಗ್ರಂಥದಿಂದ ಶುರುಮಾಡುವ ಹಟ ಬೇಡ. ಹಿಂದೆ ಮೆಚ್ಚಿ ಓದಿದ ಕಾದಂಬರಿ, ಪತ್ತೇದಾರಿ ಕತೆ, ವಾರಪತ್ರಿಕೆಯ ಧಾರಾವಾಹಿ, ಯಾವುದಾದರೂ ಆದೀತು. ಮನೆಯಲ್ಲಿ ಮಕ್ಕಳಿದ್ದರೆ, ತಾವೇ ಓದಲು ಕಲಿತರಲ್ಲ ಎಂದು ಅವರಿಗೆ ಓದಿ ಹೇಳುವುದನ್ನು ಎರಡನೇ ತರಗತಿಗೇ ನಿಲ್ಲಿಸಬೇಡಿ. ಕನಿಷ್ಠ ಐದನೇ ತರಗತಿ ಮುಗಿಯುವವರೆಗೆ ಪಕ್ಕದಲ್ಲಿ ಕೂತು, ಒಂದು ಪುಟ ನೀವು, ಒಂದು ಪುಟ ಅವರು ಓದಿ.